ಡ್ರೈವರ್ ಕಾಕನ ಓಟು

ಅವರ ಬಲಗೈ ಎಡಗೈಗಿಂತ ಕಪ್ಪಾಗಿತ್ತು. ಮೂವತ್ತು ವರ್ಷ ಲಾರಿಯ ಕಿಟಕಿಯಾಚೆ ಚಾಚಿಕೊಂಡು ಬಿಸಿಲಿಗೆ ಸುಟ್ಟ ಕೈ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತರೆ ಇಬ್ಬರು ಬೇರೆ ಬೇರೆ ಮನುಷ್ಯರ ಕೈಗಳಂತೆ ಕಾಣುತ್ತಿದ್ದವು. ಸಕಲೇಶಪುರದ ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಅವರು ಡ್ರೈವರ್ ಕಾಕ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ.

ಕಾಫಿ, ಮೆಣಸಿನ ಲೋಡು ಹೊತ್ತು ದೋಣಿಗಲ್ ದಾಟಿ ಘಾಟಿ ಇಳಿಯುವುದು ಅವರ ಕೆಲಸವಾಗಿತ್ತು. ಆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಓಟು ಹಾಕಿರಲಿಲ್ಲ. ಚುನಾವಣೆ ಬಂದಾಗೆಲ್ಲ ಅವರು ಮಂಗಳೂರಿನಲ್ಲೋ ದಾರಿಯಲ್ಲೋ ಇರುತ್ತಿದ್ದರು. ಕಣ್ಣು ಮಂಜಾಗಿ ಲಾರಿ ಬಿಟ್ಟ ಮೇಲೆಯೇ ಮೊದಲ ಸಲ ಸಾಲಿನಲ್ಲಿ ನಿಂತದ್ದು. ಆಗ ಇನ್ನೂ ಬದುಕಿದ್ದ ಅವರ ಹೆಂಡತಿ, ಯಾರಿಗೆ ಹಾಕಿದಿರಿ ಎಂದು ಎರಡು ದಿನ ಕೇಳಿದರಂತೆ. ಕಾಕ ಹೇಳಲಿಲ್ಲವಂತೆ.

ನಮ್ಮಲ್ಲಿ ಮೇಲಿನ ಬೀದಿ ಒಂದು ಪಕ್ಷ, ಕೆಳಗಿನ ಬೀದಿ ಇನ್ನೊಂದು ಪಕ್ಷ. ಹಾರ್ಡ್‌ವೇರ್ ಅಂಗಡಿಯ ನಮ್ಮಪ್ಪ ಮೇಲಿನ ಬೀದಿಯ ಮುಖಂಡರು. ಹಾಗಾಗಿ ನಮ್ಮ ಮನೆಯ ಮೂರು ಓಟುಗಳೂ ಆ ಪಕ್ಷದವೆಂದೇ ಎಲ್ಲರ ಎಣಿಕೆ. ಕಾಕನನ್ನು ಮಾತ್ರ, ಮೇಲಿನ ಬೀದಿಯಲ್ಲಿದ್ದರೂ, ಹೆಸರು ನೋಡಿಯೇ ಕೆಳಗಿನವರ ಜೊತೆ ಸೇರಿಸಿಬಿಟ್ಟಿದ್ದರು. ಅವರಿಗೆ ಸಿಟ್ಟು ಬರುತ್ತಿದ್ದುದು ಅದೊಂದಕ್ಕೆ. "ನನ್ ಹೆಸ್ರು ನಮ್ಮಪ್ಪ ಇಟ್ಟಿದ್ದು ಕಣವ್ವ. ಓಟು ನಂದು," ಎನ್ನುತ್ತಿದ್ದರು.

ಪ್ರಚಾರಕ್ಕೆ ಬಂದವರು ಕೊಟ್ಟ ಕರಪತ್ರಗಳನ್ನೆಲ್ಲ ಹಾಸಿಗೆಯಡಿ ಇಟ್ಟುಕೊಳ್ಳುವುದು ಅವರ ಅಭ್ಯಾಸ. ಮುಂದಿನ ಸಲ ಅದೇ ಪಕ್ಷದವರು ಬಂದರೆ ಹಳೆಯದನ್ನು ಹೊರತೆಗೆದು, ನನ್ನ ಕೈಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದರು. ಎಲ್ಲ ಪಕ್ಷದವರಿಗೂ ಅದೇ ಮರ್ಯಾದೆ. ಬಂದವರು ಚಪ್ಪಲಿ ಹುಡುಕುತ್ತಾ, "ಆಯ್ತು ಕಾಕ, ಬರ್ತೀವಿ," ಎನ್ನುತ್ತಿದ್ದರು.

ನಾನು ಮೊದಲ ಸಲ ಓಟು ಹಾಕಬೇಕಿದ್ದ ವರ್ಷ ಬಡಾವಣೆಯ ರಸ್ತೆ ಪೂರಾ ಕೊಚ್ಚಿಹೋಗಿತ್ತು. ಬಸುರಿ ಹೆಂಗಸೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿನ ಡಾಂಬರು ರಸ್ತೆಯವರೆಗೆ ಹೊತ್ತೊಯ್ದ ಮೇಲೆ ಎರಡೂ ಬೀದಿಯವರು ಎಂದಿಲ್ಲದಂತೆ ಒಟ್ಟಿಗೆ ಸಭೆ ಸೇರಿದರು. ಅಪ್ಪನೇ ಮುಂದೆ ನಿಂತು ಚುನಾವಣೆ ಬಹಿಷ್ಕಾರ ಎಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಕಾಕ ಎದ್ದು ನಿಂತರು. "ಯಜಮಾನ್ರೇ, ಇಳಿಜಾರಲ್ಲಿ ಸ್ಟೇರಿಂಗ್ ಬಿಟ್ಟು ಕೈ ಕಟ್ಕಂಡ್ರೆ ಗಾಡಿ ನಿಂತ್ಕಂಬುಡ್ತದಾ? ನಾವು ಹಾಕ್ದಿದ್ರೂ ಒಬ್ಬ ಗೆದ್ದೇ ಗೆಲ್ತಾನೆ. ನಮ್ ರಸ್ತೆ ಕಡೆ ತಿರುಗೂ ನೋಡಲ್ಲ."

"ಎಲ್ರೂ ಒಂದು ಮಾತಿಗೆ ಬಂದವ್ರೆ ಕಾಕ. ನೀವೊಬ್ರು ಮುರೀಬ್ಯಾಡಿ," ಎಂದರು ಅಪ್ಪ.

ಚುನಾವಣೆಯ ಬೆಳಿಗ್ಗೆ ಬೀದಿಯ ಬಾಯಲ್ಲಿ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಮೇಲೆ ಬ್ಯಾನರು. ಕಾಕ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಚೀಟಿ ಹಿಡಿದು ಬಂದರು. ಯಾರೂ ಕುರ್ಚಿಯಿಂದ ಏಳಲಿಲ್ಲ. ಒಬ್ಬ, "ಎಷ್ಟು ಕೊಟ್ರು ಕಾಕ?" ಎಂದ. ಅವರು ಖಾಲಿ ಕುರ್ಚಿಯೊಂದನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಂಡರು. ಆಗ ಅವನೇ ನಗುತ್ತಾ, "ಹೋಗ್ಲಿ ಬುಡ್ರೋ. ನಮ್ ಮತಗಟ್ಟೇಲಿ ಬೀಳೋದು ಇವರದೊಂದೇ ಓಟು. ಎಣಿಸೋ ದಿನ ಗೊತ್ತಾಯ್ತದೆ, ಕಾಕ ಯಾರ ಕಡೆ ಅಂತ," ಎಂದ.

ಮತ ಎಣಿಸುವುದು ಮತಗಟ್ಟೆವಾರು. ಆ ಮತಗಟ್ಟೆಗೆ ನಮ್ಮ ಬಡಾವಣೆ ಬಿಟ್ಟು ಬೇರೆಯವರಿಲ್ಲ. ಕಾಕ ಇದನ್ನು ಯೋಚಿಸಿರಲಿಲ್ಲ ಎಂದು ಅವರ ಮುಖದಲ್ಲೇ ಗೊತ್ತಾಯಿತು. ಒಂದು ಗಳಿಗೆ ನಿಂತರು. ಹೆಂಡತಿಗೂ ಹೇಳದ ಮಾತನ್ನು ಇಡೀ ಊರು ಓದಿಕೊಳ್ಳುತ್ತದೆ. "ಗೊತ್ತಾದ್ರೆ ಆಗ್ಲಿ ಮಾರಾಯ," ಎಂದವರೇ ಹಿಂದೆ ನೋಡದೆ ಇಳಿದು ಹೋದರು.

ಅವರ ನಡುವೆ ಕೂತಿದ್ದ ನನಗೆ ಇನ್ನು ಕೂರಲಾಗಲಿಲ್ಲ. ಮನೆಗೆ ಹೋಗಿ ಗುರುತಿನ ಚೀಟಿ ತಂದೆ. ಅಪ್ಪ ಬೀದಿಯಲ್ಲೇ ಅಡ್ಡ ನಿಂತು, "ಎಲ್ಲಿಗೆ?" ಎಂದರು.

"ಓಟು ಹಾಕೋಕೆ."

"ನನ್ನ ಮಾನ ಕಳೀತೀಯಾ?"

"ಅವರ ಓಟು ಅವರದ್ದಾಗೇ ಇರ್ಲಿ ಅಪ್ಪ," ಎಂದು ಪಕ್ಕದಿಂದ ಹೊರಟೆ.

ಮತಗಟ್ಟೆಯಿದ್ದ ಶಾಲೆಯ ಗೇಟಿನಲ್ಲಿ ಕಾಕ ಹೊರಬರುತ್ತಿದ್ದರು. ಅವರ ಓಟು ಒಂಟಿಯಾಗಿ ಗುರುತು ಸಿಗಬಾರದೆಂದು ಬಂದೆ ಎಂದಾಗ, "ಇಬ್ರೇ ಆದ್ರೆ ಸಾಲಲ್ಲ ಕಣವ್ವ. ಇಬ್ರೂ ಒಬ್ಬನಿಗೇ ಹಾಕಿದ್ರೆ?" ಎಂದರು. ಅಷ್ಟರಲ್ಲಿ ಅಮ್ಮ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ತಾವು ಹೇಳ್ದೋರಿಗೇ ನಾನು ಹಾಕ್ತೀನಿ ಅಂತ ಇಪ್ಪತ್ತೈದು ವರ್ಷದಿಂದ ನಿಮ್ಮಪ್ಪ ಅಂದ್ಕಂಡವ್ರೆ. ಅಂದ್ಕಳ್ಳಿ," ಎಂದು ಒಳಗೆ ನಡೆದಳು. ಅಮ್ಮ ಹೋದದ್ದು ಕಂಡು ಕೆಳಗಿನ ಬೀದಿಯ ಇಬ್ಬರು ಹೆಂಗಸರು ಬಂದರು. ಆಮೇಲೆ ಇನ್ನಷ್ಟು ಜನ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹನ್ನೊಂದು ಓಟು.

ಎಣಿಕೆಯ ದಿನ ನೋಡಿದರೆ ಆ ಹನ್ನೊಂದು ಮೂವರು ಅಭ್ಯರ್ಥಿಗಳಿಗೂ ನೋಟಾಕ್ಕೂ ಹಂಚಿಹೋಗಿದ್ದವು. ಯಾರು ಯಾರಿಗೆಂದು ಯಾರಿಗೂ ಹೇಳಲಾಗಲಿಲ್ಲ. ಕಾಕ ಕೆಮ್ಮು ಬರುವವರೆಗೆ ನಕ್ಕರು. ಅಪ್ಪ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಬಹಿಷ್ಕಾರಕ್ಕೆ ಹೆದರಿಯೋ ಹನ್ನೊಂದು ಓಟಿನ ಆಸೆಗೋ, ಮರುವರ್ಷ ರಸ್ತೆ ಅರ್ಧದವರೆಗೆ ಬಂತು. ಉಳಿದರ್ಧಕ್ಕೆ ಕಾಕ ಅರ್ಜಿ ಹೇಳಿ ಬರೆಸುತ್ತಿದ್ದರು, ನಾನು ಬರೆಯುತ್ತಿದ್ದೆ, ಅಪ್ಪ ಮೊದಲ ಸಹಿ ಹಾಕುತ್ತಿದ್ದರು.

ಹೋದ ವರ್ಷ ಕಾಕ ತೀರಿಕೊಂಡರು, ಎದೆನೋವು ಬಂದ ಗಂಟೆಯೊಳಗೆ. ಮಣ್ಣಿಗೆ ಹೊರಡುವ ಮುಂಚೆ ಎರಡೂ ಪಕ್ಷದವರು ಬಂದರು. ಒಬ್ಬರು "ನಮ್ಮ ಹಳೇ ಕಾರ್ಯಕರ್ತ" ಎಂದರು. ಇನ್ನೊಬ್ಬರು, "ಮನಸ್ಸಲ್ಲಿ ನಮ್ಮ ಕಡೆನೇ ಇದ್ರು" ಎಂದರು. ಅಪ್ಪ ಎದ್ದು ನಿಂತರು.

"ಅವರು ಯಾರಿಗೂ ಹೇಳಿಲ್ಲ. ಅವರು ಹೇಳ್ದೆ ಹೋಗಿದ್ನ ನೀವು ಹೇಳಬ್ಯಾಡಿ," ಎಂದರು.

ಮೊನ್ನೆ ಪ್ರಚಾರದ ಹುಡುಗರು ಪಟ್ಟಿ ಹಿಡಿದು ಬಾಗಿಲಿಗೆ ಬಂದು, "ಈ ಮನೆ ನಮ್ದೇ ಅಲ್ವಾ?" ಎಂದು ಟಿಕ್ ಹಾಕಲು ಹೊರಟಿದ್ದರು. ಅಮ್ಮ ಒಳಗಿದ್ದಳು, ಅಪ್ಪ ನನ್ನ ಹಿಂದೆಯೇ ಕೂತಿದ್ದರು.

"ಮನೆ ಹಾಕಲ್ಲ ಓಟು," ಎಂದೆ. "ಇಲ್ಲಿ ಮೂವರು ಇದ್ದೀವಿ. ಒಬ್ಬೊಬ್ಬರನ್ನೇ ಕೇಳ್ಕೊಳ್ಳಿ. ಯಾರೂ ಹೇಳಲ್ಲ."