ತಾನಾಗಿ ಬಿದ್ದ ಕೀಲಿ

ಹೋದ ವಾರ ಗದಗಿನ ಅಂಗಡಿಯೊಂದರ ಮುಂದೆ ನನ್ನ ಹಳೆಯ ಕಾರಿನ ಬಾಗಿಲನ್ನು ಬಿಚ್ಚಿ ಹರವಿದ್ದರು. ರಿಮೋಟ್ ಕೀಲಿ ಕೂಡಿಸಲೇಬೇಕೆಂದು ತಮ್ಮನ ಮಗನ ಹಟ. ಅತ್ತೆಯಾದವಳು ಬಿಸಿಲಲ್ಲಿ ಬಗ್ಗಿ ಕೀಲಿಯ ತೂತು ಹುಡುಕುವುದನ್ನು ಅವನಿಂದ ನೋಡಲಾಗುವುದಿಲ್ಲವಂತೆ. ಆಗಲಿ ಎಂದು ಸ್ಟೂಲಿನ ಮೇಲೆ ಕುಳಿತಿದ್ದೆ. ಮೆಕ್ಯಾನಿಕ್ ಎರಡು ವೈರು ಬೆಸೆಯಲು ಕಾದ ಕಡ್ಡಿಯನ್ನು ರಾಳಕ್ಕೆ ತಾಗಿಸಿದ. ಸಣ್ಣಗೆ ಹೊಗೆ ಎದ್ದಿತು. ಆ ವಾಸನೆಗೆ ಬೆಟಗೇರಿಯ ರೇಡಿಯೋ ಮಾಸ್ತರರು ನೆನಪಾದರು...

ಎಂಬತ್ತರ ದಶಕದ ನಡುವಿನ ಮಾತು. ನಾನು ಶಿರಹಟ್ಟಿಯಿಂದ ಬಂದು ಬೆಟಗೇರಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಆಸ್ಪತ್ರೆಯೆಂದರೆ ನಾಲ್ಕು ಕಾಟು, ಒಂದು ಟೇಬಲ್ಲು, ಒಬ್ಬರೇ ಡಾಕ್ಟರಬಾಯಿ. ಎದುರಿಗೇ ಮಾಸ್ತರರ ರೇಡಿಯೋ ರಿಪೇರಿ ಅಂಗಡಿ. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಕೆಟ್ಟ ರೇಡಿಯೋಗಳಿಗೆ ಬುದ್ಧಿ ಕಲಿಸುತ್ತಾರೆಂದು ಓಣಿಯವರು ಕೊಟ್ಟ ಹೆಸರು ಅದು. ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಅಣ್ಣ ಗುಡಿ ಹಿಡಿದರು, ಇವರು ರೇಡಿಯೋ ಹಿಡಿದರು. ಆದರೂ ರಕ್ತದ ಗುಣ ಹೋಗಿರಲಿಲ್ಲ. ಮುಂಜಾನೆ ಸ್ಕ್ರೂಡ್ರೈವರು, ಇಕ್ಕಳ, ಬೆಸೆಯುವ ಕಡ್ಡಿ ಎಲ್ಲಕ್ಕೂ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗುವ ತನಕ ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ. ಗಿರಾಕಿ ಅವಸರ ಮಾಡಿದರೆ, "ಕುಂಡ್ರಿ, ಇವು ಇನ್ನ ಎದ್ದಿಲ್ಲ" ಅನ್ನುತ್ತಿದ್ದರು.

ನಮ್ಮ ಡಾಕ್ಟರಬಾಯಿಯವರ ಹತ್ತಿರ ಒಂದು ಹಳೆಯ ಕಾರಿತ್ತು. ಒಳಗಿನ ಗುಂಡಿ ಒತ್ತಿ ಬಾಗಿಲು ನೂಕಿದರೆ ಸಾಕು, ಕೀಲಿ ಬೀಳುತ್ತಿತ್ತು. ಬಾಯಿಯವರು ಅವಸರದಲ್ಲಿ ಕೀಲಿಕೈಯನ್ನು ಒಳಗೇ ಬಿಟ್ಟು ಬಾಗಿಲು ನೂಕಿ ನಡೆದುಬಿಡುವರು. ಒಮ್ಮೆ ಲಕ್ಷ್ಮೇಶ್ವರದಲ್ಲಿ ಹೀಗೆಯೇ ಆಗಿ, ಹೆರಿಗೆಯ ಸಾಮಾನಿನ ಪೆಟ್ಟಿಗೆ ಕಾರಿನೊಳಗೇ ಉಳಿದು, ಗಾಜು ಒಡೆದು ತೆಗೆಯಬೇಕಾಯಿತು. ಊರಿಗೆ ಬಂದವರೇ ಎದುರಿನ ಅಂಗಡಿಗೆ ಹೋಗಿ, ಕೀಲಿಕೈ ಇಲ್ಲದೆ ತೆರೆಯುವ ಬಾಗಿಲು ಮಾಡಿಕೊಡಿರೆಂದು ಕೇಳಿದರು. ಅಂಥದ್ದೊಂದನ್ನು ಮಾಸ್ತರರು ಕಣ್ಣಿಂದ ಕಂಡವರಲ್ಲ. ಆದರೂ ಆಗುವುದಿಲ್ಲ ಅನ್ನಲಿಲ್ಲ.

ಯಾರೋ ಮುಂಬೈಯಿಂದ ತಂದಿದ್ದ ಆಟಿಗೆಯ ಕಾರೊಂದು ಅವರ ಕೈಗೆ ಸಿಕ್ಕಿತು. ಕೈಯಲ್ಲಿ ಪುಟ್ಟ ಡಬ್ಬಿ ಹಿಡಿದು ಗುಂಡಿ ಒತ್ತಿದರೆ ಮುಂದೆ, ಹಿಂದೆ ಓಡುವಂಥದ್ದು. ಅದರ ಹೊಟ್ಟೆ ಬಗೆದು ಒಳಗಿನದನ್ನು ತೆಗೆದರು. ಲಾರಿಯ ಹಳೆಯ ವೈಪರ್ ಮೋಟಾರು, ಸೈಕಲ್ಲಿನ ಬ್ರೇಕ್ ತಂತಿ ಸೇರಿಸಿದರು. ಸುಮಾರು ಒಂದು ತಿಂಗಳು ಬಾಯಿಯವರ ಕಾರು ಬಾಗಿಲ ಸಿಪ್ಪೆ ಸುಲಿಸಿಕೊಂಡೇ ತಿರುಗಿತು. ಕೊನೆಗೊಂದು ಮಧ್ಯಾಹ್ನ ಮಾಸ್ತರರು ಹತ್ತು ಹೆಜ್ಜೆ ದೂರ ನಿಂತು ಮುಂದಿನ ಗುಂಡಿ ಒತ್ತಿದರು. ಕೀಲಿ ಟಕ್ ಎಂದು ಎದ್ದಿತು. ಹಿಂದಿನದನ್ನು ಒತ್ತಿದರು. ಬಿದ್ದಿತು. ಅವರು ನಗಲಿಲ್ಲ, ಕುಣಿಯಲಿಲ್ಲ. ಕಾರಿಗೆ ಕೈ ಮುಗಿದು, "ಬಾಯಾರ, ಇದು ನಿಮ್ಮನ್ನ ಹೊರಗ ನಿಲ್ಲಸೂದಿಲ್ಲ" ಎಂದರು. ಮುಂಡರಗಿಯಿಂದ ಜನ ಬಂದು ಆ ಬಾಗಿಲು ನೋಡಿ ಹೋದರು. ಡಾಕ್ಟರಬಾಯಿಯಂತೂ ಬಂದವರೆದುರು ಮೂರು ಮೂರು ಸಲ ತೆರೆದು ಮುಚ್ಚಿ ತೋರಿಸುತ್ತಿದ್ದರು.

ಅದೇ ವರ್ಷದ ಖಂಡೆ ಪೂಜೆ. ನಮ್ಮ ಕಡೆ ಅಂದು ಆಯುಧ, ಸಾಮಾನು, ಗಾಡಿ ಎಲ್ಲಕ್ಕೂ ಪೂಜೆ. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಎತ್ತುವಂತಿಲ್ಲ. ಆಸ್ಪತ್ರೆಯ ಪೂಜೆ ನನ್ನ ಪಾಲಿಗೆ ಬಂದಿತ್ತು. ಕಾರಿನ ಸೀಟಿನ ಮೇಲೆ ಹೆರಿಗೆಯ ಪೆಟ್ಟಿಗೆ ಇಟ್ಟೆ. ಪಕ್ಕಕ್ಕೆ ತಾಟಿನಲ್ಲಿ ಕೀಲಿಕೈ, ಮಾಸ್ತರರ ಡಬ್ಬಿ, ಹೂವು, ಬಾಳೆಹಣ್ಣು. ಕಾಯಿ ಒಡೆದು ಆರತಿ ಮಾಡಿದೆ. ಓಣಿಯ ಆಡುಗಳು ಬಾಳೆಹಣ್ಣಿನ ಮೇಲೆ ಕಣ್ಣಿಟ್ಟಿದ್ದವು. ಅವು ಒಳಗೆ ಬಾಯಿ ಹಾಕಬಾರದೆಂದು ಬಾಗಿಲಿನ ಒಳಗುಂಡಿ ಒತ್ತಿ ನೂಕಿದೆ. ಬಾಯಿಯವರಿಗೆ ನಗುತ್ತಿದ್ದವಳು ಅವರಿಗಿಂತ ಜಾಣತನದ ಕೆಲಸ ಮಾಡಿದ್ದೆ! ತೆರೆಯುವ ಎರಡೂ ದಾರಿಗಳು ಒಳಗೆ ಹೂವು ಮುಡಿದು ಕುಳಿತಿದ್ದವು.

ತಿಳಿದದ್ದು ಕೀಲಿ ಬಿದ್ದ ಮೇಲೆ. ಯಾರಿಗೂ ಹೇಳಲಿಲ್ಲ. ಹೇಗಿದ್ದರೂ ನಾಳೆಯವರೆಗೆ ಕಾರು ಹೊರಡುವುದಿಲ್ಲ, ಅಷ್ಟರಲ್ಲಿ ಏನಾದರೂ ಮಾಡಿದರಾಯಿತು ಅಂದುಕೊಂಡೆ. ಊಟದ ಹೊತ್ತಿಗೆ ಅಸುಂಡಿಯಿಂದ ಒಬ್ಬ ಓಡಿ ಬಂದ. ಅವನ ಹೆಂಡತಿಗೆ ಹಿಂದಿನ ದಿನದಿಂದ ಬ್ಯಾನಿ, ಕೂಸು ಅಡ್ಡ ಬಂದಿದೆ ಅಂದ. ಡಾಕ್ಟರಬಾಯಿ ಕಾರಿಗೆ ಬಂದರು, ಬಾಗಿಲು ಜಗ್ಗಿದರು, ಗಾಜಿನಿಂದ ಒಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕೀಲಿ ಯಾರು ಹಾಕಿದ್ರು?"

ಒಂದು ಕತ್ತರಿ ಕಳೆದದ್ದಕ್ಕೆ ನನ್ನ ಹಿಂದಿನ ನರ್ಸನ್ನು ಅದೇ ದಿನ ಮನೆಗೆ ಕಳಿಸಿದವರು ಅವರು. ನನ್ನ ಬಾಯಿಂದ ಮಾತು ಹೊರಬಿತ್ತು: "ಯಾರೂ ಹಾಕಿಲ್ರೀ ಬಾಯಾರ. ನಾ ಬಾಗಲಾ ಮುಂದಕ್ಕ ನೂಕಿದ್ದೆ ಅಷ್ಟ. ಕೀಲಿ... ತಾನ ಬಿತ್ತು."

ಎದುರಿನ ಅಂಗಡಿಯ ಕಟ್ಟೆಯ ಮೇಲೆ ಮಾಸ್ತರರು ನಿಂತಿದ್ದರು. ಅವರಿಗೆ ಕೇಳಿಸಿತು. ಬಾಯಿಯವರು ತಡ ಮಾಡದೆ ಕಲ್ಲು ತೆಗೆದುಕೊಂಡು ಕುಂಕುಮ ಹಚ್ಚಿದ ಗಾಜು ಒಡೆದರು. ನಾವು ಅಸುಂಡಿ ಮುಟ್ಟುವಷ್ಟರಲ್ಲಿ ಊರಿನ ಸೂಲಗಿತ್ತಿ ಮುದುಕಿ ಕೂಸನ್ನು ತಿರುಗಿಸಿ ಹೆರಿಗೆ ಮಾಡಿಸಿ, ಚಹಾ ಕುಡಿಯುತ್ತ ಕುಳಿತಿದ್ದಳು. ತಾಯಿ, ಮಗು ಇಬ್ಬರೂ ಸುಖವಾಗಿದ್ದರು. ನನ್ನ ತಪ್ಪಿನಿಂದ ಯಾರಿಗೂ ಏನೂ ಆಗಲಿಲ್ಲವೆಂದು ದಾರಿಯುದ್ದಕ್ಕೂ ಮನಸ್ಸಿಗೆ ಹೇಳಿಕೊಂಡು ಬಂದೆ.

ಬೆಟಗೇರಿಗೆ ತಿರುಗಿ ಬಂದಾಗ ಮಾಸ್ತರರು ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದರು. ಕೈಯಲ್ಲಿ ಸ್ಕ್ರೂಡ್ರೈವರು. ಅದರ ಹಿಡಿಕೆಗೆ ಅಂದಿನ ಕುಂಕುಮ, ತುದಿಗೆ ಸೇವಂತಿಗೆಯ ಒಂದು ಎಸಳು. ಪೂಜೆಗೆ ಇಟ್ಟದ್ದನ್ನು ಎತ್ತಿಕೊಂಡು ಬಂದಿದ್ದರು. ಅವರ ಮನೆತನದಲ್ಲಿ ಹಾಗೆ ಯಾರೂ ಎತ್ತಿದವರಿಲ್ಲ. ಹಿಂದೊಮ್ಮೆ ಖಂಡೆ ಪೂಜೆಯ ದಿನ ದೊಡ್ಡ ಸಾಹೇಬರೊಬ್ಬರ ರೇಡಿಯೋ ಬಂದಾಗಲೂ ಅವರು ಮುಟ್ಟಿರಲಿಲ್ಲ. ಅಂದು ಕಾರಿನ ಪಕ್ಕದ ಮಣ್ಣಿನಲ್ಲಿ ಕುಳಿತು, ಒಡೆದ ಗಾಜಿನ ಚೂರುಗಳ ನಡುವೆ ಬಾಗಿಲು ಬಿಚ್ಚಿದರು. ಗುಂಡಿ ಒತ್ತಿ ನೋಡಿದರು, ತಂತಿ ಜಗ್ಗಿ ನೋಡಿದರು. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಸರಿಯಿದ್ದಷ್ಟೂ ಅವರ ಮುಖ ಸಣ್ಣದಾಗುತ್ತಿತ್ತು. ನಾನು ಕಸಬರಿಗೆ ತಂದು ಗಾಜು ಗುಡಿಸಿದೆ. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಮೂರನೆಯ ಸಲ ತೆರೆಯಲಿಲ್ಲ.

ಮರುದಿನ ದಶಮಿ. ಸಂಜೆ ಊರೆಲ್ಲ ಬನ್ನಿ ಕೊಡುತ್ತ ತಿರುಗುವ ಹೊತ್ತು. ನಮ್ಮಲ್ಲಿ ಆ ಎಲೆ ಕೈಗಿಟ್ಟರೆ ವರ್ಷದ ಸಿಟ್ಟು ಸೆಡವು ಮುಗಿದ ಹಾಗೆ. ಮಾಸ್ತರರು ಆಸ್ಪತ್ರೆಗೆ ಬಂದು ಮೊದಲು ಬಾಯಿಯವರಿಗೆ, ಆಮೇಲೆ ನನಗೆ ಬನ್ನಿ ಕೊಟ್ಟರು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕಾರ. ನನ್ನ ಮಷಿನ್ನಿನಿಂದ ನಿಮಗ ಮಾತು ಬರೂದಿತ್ತು. ತಪ್ಪು ಹೊಟ್ಯಾಗ ಹಾಕ್ಕೋರಿ."

ತಪ್ಪು ಮಾಡಿದವಳ ಮುಂದೆ ಮಾಡದವರು ಕೈ ಮುಗಿದು ನಿಂತಿದ್ದರು. ಸುಳ್ಳನ್ನು ಬಿಟ್ಟುಕೊಡಲಿಕ್ಕೆ ಇಡೀ ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಎಲೆ ತೆಗೆದುಕೊಂಡೆ, ಬಂಗಾರದ ಹಾಗೆ ಇರೋಣವೆಂದು ತಿರುಗಿ ಹೇಳಿದೆ, ಒಳಗೆ ಹೋದೆ. ಅವರು ಕಾರಿನಿಂದ ತಮ್ಮ ಯಂತ್ರವನ್ನು ಬಿಚ್ಚಿ, ಅರಿವೆಯಲ್ಲಿ ಸುತ್ತಿ ಒಯ್ದರು. ಮುಂಡರಗಿಯವರು ಇಂಥದ್ದೇ ನಮಗೂ ಬೇಕೆಂದು ಬಂದಾಗ ಆಗುವುದಿಲ್ಲ ಅಂದರು.

ಮುಂದೆ ಎರಡು ವರ್ಷ ನಾನು ಅಲ್ಲಿದ್ದೆ. ಆ ಯಂತ್ರ ಅವರ ಮೇಜಿನ ಮೂಲೆ ಬಿಡಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಿಚ್ಚುವುದು, ಕೂಡಿಸುವುದು, ಮತ್ತೆ ಬಿಚ್ಚುವುದು. ಒಮ್ಮೆ ನನ್ನನ್ನು ಕರೆದು, "ತಾನ ಯಾಕ ಬಿತ್ತು ಅನ್ನೂದು ಸಿಗವಲ್ದ್ರಿ ಅಕ್ಕಾರ" ಎಂದರು. ಸಿಕ್ಕುವುದು ಹೇಗೆ... ಆಮೇಲೆ ನನಗೆ ಸರಕಾರಿ ನೌಕರಿ ಸಿಕ್ಕು ಬೇರೆ ಊರಾಯಿತು. ಅವರು ತೀರಿಕೊಂಡ ಖಬರು ಸಿಕ್ಕಿದ್ದು ತೀರಿದ ಎಷ್ಟೋ ತಿಂಗಳ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ. ಕೇಳಿದ ಕೂಡಲೇ ನನಗೆ ಬಂದದ್ದು ದುಃಖವಲ್ಲ. ಇನ್ನು ಯಾರಿಗೂ ಹೇಳಬೇಕಾಗಿಲ್ಲ ಎಂಬ ಸಮಾಧಾನ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ದುಃಖ ಆಮೇಲೆ ಬಂತು, ಬಂದದ್ದು ಹೋಗಿಲ್ಲ.

ಗದಗಿನ ಮೆಕ್ಯಾನಿಕ್ ಒಂದು ತಾಸಿನಲ್ಲಿ ಕೆಲಸ ಮುಗಿಸಿದ. ಡಬ್ಬಿ ನನ್ನ ಕೈಗಿಟ್ಟು ಒತ್ತಿಸಿದ. ಕೀಲಿ ಟಕ್ ಎಂದು ಎದ್ದಿತು, ಬಿದ್ದಿತು. ಮಾಸ್ತರರದ್ದೂ ಹೀಗೆಯೇ ಸಪ್ಪಳ ಮಾಡುತ್ತಿತ್ತು.

"ಇದು ತಾನ ಬೀಳೂದಿಲ್ಲ ಹೌದಿಲ್ಲೋ?" ಎಂದು ಕೇಳಿದೆ.

"ತಾನ ಹ್ಯಾಂಗ ಬೀಳತೈತ್ರಿ ಅಮ್ಮಾರ? ಯಾರರ ಒತ್ತಿದ್ರ ಅಷ್ಟ."

"ನಾನ ಒತ್ತಿದ್ದೆ" ಅಂದೆ. ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಒತ್ತಿ ನೋಡ್ರಿ ಅಂದ.