ಹೊಸ ನಗರದ ಮೇಲೆ ಶೇಂಗಾ

ರಾಯಾಪುರದಲ್ಲಿ ಬಸ್ಸಿಳಿದು ಚಹಾ ಕುಡಿಯುತ್ತಿದ್ದೆ. ರಸ್ತೆ ಪಕ್ಕದ ಹೊಲದಲ್ಲಿ ಗಾಜಿನ ಗೋಪುರಗಳ ಚಿತ್ರವಿದ್ದ ದೊಡ್ಡ ಫ್ಲೆಕ್ಸ್ ಹಾಸಿ, ಅದರ ಮೇಲೆ ಶೇಂಗಾ ಒಣಹಾಕಿದ್ದರು. ಆಶ್ಚರ್ಯವಾಗಿ ಹೊಲದೊಡತಿ ಗಂಗವ್ವನನ್ನು ವಿಚಾರಿಸಿದೆ.

“ಹೊಸ ನಗರ ಕಟ್ಟತೇವಿ ಅಂತ ಸರಕಾರದವ್ರು ಹೊಲಕ್ಕ ಬೇಲಿ ಹಾಕಿ, ನಮ್ಮನ್ನ ಹೊರಗ ನಿಲ್ಲಿಸಿದ್ರು. ಚುನಾವಣಿ ಬಂದಾಗೆಲ್ಲಾ ಭೂಮಿಪೂಜಾ ಆತು. ಈ ಚಿತ್ರಾ ತೋರಿಸಿ ದಲಾಲರು ಸುತ್ತಲಿನ ಪ್ಲಾಟ್ ಮಾರಿಕೊಂಡ್ರು. ಒಂದು ಇಟ್ಟಂಗೀನೂ ಬೀಳಲಿಲ್ಲ.”

ಊರಿನ ಹೆಂಗಸರನ್ನು ಕಟ್ಟಿಕೊಂಡು ಗಂಗವ್ವ ವರ್ಷಗಟ್ಟಲೆ ಕೋರ್ಟಿಗೆ ಅಲೆದು ಗೆದ್ದರಂತೆ. ಹೊಲ ಕೈಗೆ ಬಂದ ಮೇಲೆ ಇದು ಮೊದಲ ಪೀಕು.

ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಪಕ್ಷದ ಕಾರ್ಯಕರ್ತನೊಬ್ಬ ಇಳಿದು ಕೈಮುಗಿದ.

“ಅವ್ವಾರ, ಶಾಸಕರು ಹೊಸ ನಗರದ ಪೂಜಾಕ್ಕ ಮತ್ತ ಬರಾಕತ್ತಾರ್ರಿ. ಬೋರ್ಡ್ ಹಚ್ಚಾಕ ಸ್ವಲ್ಪ ಜಾಗಾ ಕೊಡ್ರಿ.”

“ಬೋರ್ಡಿಗೆ ಜಾಗಾ ಇಲ್ಲಪಾ, ಕಡ್ಲಿ ಬಿತ್ತೂದೈತಿ. ಶಾಸಕರಿಗೆ ಹಸಿವಾದ್ರ ಬರಾಕ ಹೇಳು, ಶೇಂಗಾ ಕೊಡತೇನಿ!”

ಶೇಂಗಾ ಕೀಳುತ್ತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಜೀಪು ಬಂದ ದಾರಿಯಲ್ಲೇ ತಿರುಗಿತು. ಗಂಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ನಡೀರಿ ಲಗೂ, ಇನ್ನೂ ಅರ್ಧಾ ಹೊಲ ಐತಿ” ಎಂದು ಕೂಗುತ್ತಾ ಸಾಲಿಗೆ ಇಳಿದರು.