ಮುಂಬಯಿ ತೋರಿಸಿದ ನೆಗೆಣ್ಣಿ

ಇವತ್ತು ಅಂಗಳ ಸಾರಿಸಿದೆ, ಎಮ್ಮೆ ಹಿಂಡಿದೆ, ಅಕ್ಕಿ ಕೇರಿದೆ, ಉಪ್ಪಿನಕಾಯಿ ಭರಣಿ ಬಿಸಿಲಿಗಿಟ್ಟೆ. ಮಧ್ಯಾಹ್ನ ಮುಂಬಯಿಯಲ್ಲಿ ನೆಗೆಣ್ಣಿ ತೀರಿಕೊಂಡ ಸುದ್ದಿ ಬಂತು. ಕಣ್ಣಿಗೆ ಕಟ್ಟಿದ್ದು ಅವಳ ಬಲಗಾಲಿನ ಹಿಮ್ಮಡಿ: ಅರಿಶಿನ ಹಚ್ಚಿದ, ಒಂದೂ ಸೀಳಿಲ್ಲದ, ಟ್ರಾಮು ಪೂರ್ತಿ ನಿಲ್ಲುವ ಮೊದಲೇ ಅದರ ಮೆಟ್ಟಿಲೇರಿದ ಹಿಮ್ಮಡಿ. ಹಿಂದೆ ನಿಂತಿದ್ದ ನನ್ನ ಹಿಮ್ಮಡಿಯ ಸೀಳುಗಳಲ್ಲಿ ಹಳಿಯಾಳದ ಗದ್ದೆಯ ಕೆಸರು ಇನ್ನೂ ಕರ್ರಗಿತ್ತು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಮೊದಲು ಇಬ್ಬರೂ ಒಂದೇ ಒಲೆ ಊದಿದವರು. ಆಮೇಲೆ ಭಾವನಿಗೆ ಮುಂಬಯಿಯ ಕಟ್ಟಿಗೆ ವಖಾರಿಯಲ್ಲಿ ಕೆಲಸ ಸಿಕ್ಕಿತು; ದಾಂಡೇಲಿ ಕಡೆಯ ಸಾಗವಾನಿ ಹೋದ ದಾರಿಯಲ್ಲೇ ಅವಳೂ ಹೋದಳು. ವರ್ಷಕ್ಕೊಮ್ಮೆ ಬಂದಾಗ ಅತ್ತೆ ಪಕ್ಕದಲ್ಲೇ ಕೂರಿಸಿಕೊಂಡು, "ಸಮುದ್ರದ ಸುದ್ದಿ ಹೇಳವಾ" ಎನ್ನುವರು. ನಾನು ರೊಟ್ಟಿ ಬಡಿಯುತ್ತಾ ಕೇಳುವೆ. ರೊಟ್ಟಿ ಸೀದರೆ ಬೈಗುಳ ನನಗೆ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಒಂದು ಬೇಸಿಗೆಯಲ್ಲಿ ಅವಳೇ ನನ್ನನ್ನು ಕರೆಸಿಕೊಂಡಳು. ಅವಳು ಕಾಣದ್ದನ್ನು ಒಂದಾದರೂ ಕಾಣಬೇಕು, ಅತ್ತೆಗೆ ನನ್ನದೇ ಒಂದು ಸುದ್ದಿ ಒಯ್ಯಬೇಕು ಎಂದು ಅಳ್ನಾವರದಲ್ಲಿ ರೈಲು ಹತ್ತುವಾಗಲೇ ನಿಶ್ಚಯಿಸಿದ್ದೆ.

ಮೊದಲ ದಿನ ಅವಳು ಎಲ್ಲಿಗೂ ಕರೆದೊಯ್ಯಲಿಲ್ಲ. ಚಾಳಿನ ಮೆಟ್ಟಿಲ ಮೇಲೆ ಕೂರಿಸಿ, "ಇವತ್ತ ಬರೇ ಕೇಳು, ತಂಗಿ. ಗಂಟಿ ಬಾರ್ಸೂದು ಟ್ರಾಮ್, ಪೋಂ ಅನ್ನೂದು ಮೋಟಾರ, ಟಾಂಗಾದವಾ ಬಾಯಿಲೇ ಒದರತಾನ. ಕಿವಿ ಪಳಗಲಿ, ಆಮ್ಯಾಲ ಕಾಲು," ಎಂದಳು. ಮರುದಿನ ಬೀದಿಗಿಳಿದಾಗ ಇನ್ನೊಂದು ಪಾಠ: "ಎತ್ತರದ ಮಾಳಗಿ ನೋಡಬೇಕಂದ್ರ ಗ್ವಾಡಿಗೆ ಬೆನ್ನ ಹಚ್ಚಿ ನಿಂದ್ರು. ನೋಡು. ಆಮ್ಯಾಲ ನಡಿ. ನೋಡಕೋತ ನಡದಿ, ಮುಗೀತ ನಿನ್ನ ಕತಿ!"

ಹೀಗೆ ಟ್ರಾಮು ಆಯಿತು, ಸಮುದ್ರ ಆಯಿತು, ಹೂವಿನ ಬಜಾರಾಯಿತು. ಹೂವಿನವಳು ಮರಾಠಿಯಲ್ಲಿ "ವಹಿನೀ", ಅಂದರೆ ಅತ್ತಿಗೆ, ಎಂದು ಕರೆದು ಅವಳಿಗೆ ಮಲ್ಲಿಗೆ ಹೆಚ್ಚು ಹಾಕುತ್ತಿದ್ದಳು. ನಾನು ಏನು ನೋಡಿದರೂ ಅವಳು ಕೊಟ್ಟದ್ದೇ.

ಹೊರಡುವ ಹಿಂದಿನ ದಿನ ದೊಡ್ಡ ಬಜಾರಿನಲ್ಲಿ ಅವಳು ತೆಂಗಿನಕಾಯಿ ಚೌಕಾಶಿ ಮಾಡುತ್ತಿದ್ದಾಗ ಮೆಲ್ಲಗೆ ಪಕ್ಕದ ಓಣಿಗೆ ಜಾರಿದೆ. ಹಕ್ಕಿ ಮಾರುವ ಓಣಿ. ಪಂಜರದ ಮೇಲೆ ಪಂಜರ. ನಮ್ಮ ಅಡವಿಯಲ್ಲೂ ಕಾಣದ ಹಳದಿ, ನೀಲಿ ಪುಕ್ಕಗಳು. ಇದು ನನ್ನದು ಎಂದುಕೊಂಡೆ. ತಿರುಗಿದರೆ ಬಂದ ದಾರಿಯೇ ತಿಳಿಯಲಿಲ್ಲ. ಬರುವ ನಾಲ್ಕು ಮರಾಠಿ ಮಾತೂ ಮರೆತುಹೋದವು.

ನಮ್ಮ ಕಡೆ ಕಟ್ಟಿಗೆಗೆ ಹೋದ ಹೆಂಗಸರು ಅಡವಿಯಲ್ಲಿ ತಪ್ಪಿಸಿಕೊಂಡರೆ ಹೆಸರು ಹಿಡಿದು ಕರೆಯುವುದಿಲ್ಲ. ಹೆಸರು ಅಡವಿಯ ಕಿವಿಗೆ ಬೀಳಬಾರದು. ಕೂ ಹಾಕಿ ನಿಂತಲ್ಲೇ ನಿಲ್ಲಬೇಕು, ಕೇಳಿದವರು ಕೂ ಎನ್ನುತ್ತಾ ಬರಬೇಕು. ನನಗೆ ಬೇರೇನೂ ಹೊಳೆಯಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಕೂ ಹಾಕಿದೆ. ಜನ ತಿರುಗಿ ನೋಡಿ ನಕ್ಕರು.

ದೂರದಿಂದ ಕೂ ಎಂದು ಉತ್ತರ ಬಂತು. ಮತ್ತೊಮ್ಮೆ, ಹತ್ತಿರದಿಂದ. ನಾಲ್ಕು ಜನರೆದುರು ದನಿ ಎತ್ತದ ಆ ವಹಿನಿ, ತುಂಬಿದ ಬಜಾರಿನಲ್ಲಿ ಸೆರಗಿನ ಹಂಗಿಲ್ಲದೆ ಕೂ ಹಾಕುತ್ತಾ ಓಡಿ ಬಂದಳು.

"ಹುಚ್ಚೀ, ಎದಿ ಒಡದಿತ್ತಲ್ಲ ನಂದು!" ಎಂದು ಬೆನ್ನಿಗೊಂದು ಗುದ್ದಿ, ಏದುಸಿರಿನಲ್ಲೇ ಪಂಜರಗಳನ್ನು ನೋಡಿದಳು. "ಅಯ್ಯ, ಇಷ್ಟ ವರ್ಷಾತು, ಈ ಓಣಿ ನಾ ನೋಡೇ ಇಲ್ಲ ನೋಡ!"

ಗೆದ್ದೆ ಎಂದುಕೊಂಡೆ. ಊರಿಗೆ ಬಂದು ಹಕ್ಕಿ ಓಣಿಯ ಸುದ್ದಿ ತೆಗೆದರೆ ಅತ್ತೆ, "ಹಕ್ಕಿ ಇರ್ಲಿ, ಅಕಿ ಮುಂಬಯಿ ನಡಬರಕ ಕೂ ಹಾಕಿದ್ಲಾ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದೆ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿಸಿದರು. ನನಗೆ ಇದ್ದದ್ದು ಒಂದು ಊರು. ಅವಳಿಗೆ ಎರಡು, ಎರಡೂ ಅವಳ ಕೈಯಲ್ಲಿದ್ದವು. ಈ ಹೊಟ್ಟೆಕಿಚ್ಚಿಗೆ ಮದ್ದು ಸಿಗಲಿಲ್ಲ. ಆದರೂ ಬೆಳಗಾವಿಯ ಪೇಟೆಯಲ್ಲಿ ನಾನು ಈಗ ಒಬ್ಬಳೇ ಓಡಾಡುತ್ತೇನೆಂದರೆ ಅದು ಅವಳು ಕೊಟ್ಟ ಧೈರ್ಯ.

ಸಂಜೆ ಅನ್ನ, ಹುರುಳಿ ಸಾರು ಮಾಡಿದೆ. ಅತ್ತೆ ಎರಡು ತುತ್ತಿಗೇ ಎದ್ದರು. ನನ್ನ ಮಗಳು ಉಣ್ಣಲೇ ಇಲ್ಲ. ದೊಡ್ಡವ್ವ, ದೊಡ್ಡವ್ವ ಎಂದು ಅತ್ತು ಅತ್ತು ಎಲ್ಲರಿಗಿಂತ ಮೊದಲು ನಿದ್ದೆ ಹೋದಳು. ನನಗೂ ಇಷ್ಟು ಅಳುವಳೇ ಎಂದು ಅವಳ ಊದಿದ ರೆಪ್ಪೆಗಳನ್ನೇ ನೋಡುತ್ತಾ ಕುಳಿತಿದ್ದೇನೆ.